ಮುದ್ದೆ ಬಿಡೋದು ಬೇಡ, ಅಳತೆ ತಪ್ಪೋದು ಬೇಡ



ಗುಬ್ಬಿ ತಾಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಸ್ವಸಹಾಯ ಸಂಘದ ವಾರದ ಸಭೆ ನಡೆದಿತ್ತು. ಉಳಿತಾಯದ ಹಣ ಎಣಿಸುತ್ತಾ ಕೂತಿದ್ದ ಸದಸ್ಯೆಯೊಬ್ಬರು ಇದ್ದಕ್ಕಿದ್ದಂತೆ ಪಕ್ಕದವರ ಹೆಗಲ ಮೇಲೆ ಒರಗಿದರು. ಕಣ್ಣು ಕತ್ತಲೆ ಬಂದಿತ್ತು. ಮಲಗಿಸಿ ಗಾಳಿ ಬೀಸಿದೆವು. ಪೂರ್ತಿ ಎಚ್ಚರವಾದ ಮೇಲೆ ಬೆಲ್ಲದ ಪಾನಕ ಕುಡಿಸಿ, "ಬೆಳಗ್ಗೆ ಏನು ತಿಂದ್ರಮ್ಮ?" ಎಂದು ಕೇಳಿದರೆ ಮಾತಿಲ್ಲ. ಪಕ್ಕದಾಕೆ ಬಾಯಿಬಿಟ್ಟರು. "ಅವಳು ಸರಿಯಾಗಿ ಊಟ ಮಾಡಿ ಎರಡು ತಿಂಗಳಾಯ್ತು ಸಿಸ್ಟರ್. ಸಣ್ಣ ಆಗ್ಬೇಕಂತೆ."

ಮರುದಿನ ಅವರ ಮನೆಗೆ ಹೋದೆವು. ವಿಷಯ ಒಂದೊಂದಾಗಿ ಹೊರಬಂತು. ಮನೆ ರಿಪೇರಿಗೆಂದು ಸಂಘದಿಂದ ಪಡೆದ ಆರು ಸಾವಿರ ರೂಪಾಯಿ ಸಾಲ ರಿಪೇರಿಗೆ ಹೋಗಿರಲಿಲ್ಲ, ತೂಕ ಇಳಿಸುವ ಪುಡಿಯ ಡಬ್ಬಕ್ಕೆ ಹೋಗಿತ್ತು. ಬೆಳಗ್ಗೆ ಪುಡಿ ಕಲಸಿದ ನೀರು, ಮಧ್ಯಾಹ್ನ ಸೌತೆಕಾಯಿ, ರಾತ್ರಿ ಮತ್ತೆ ಪುಡಿ. ಮುದ್ದೆ ಮುಟ್ಟುವಂತಿಲ್ಲ, ಅನ್ನ ಮುಟ್ಟುವಂತಿಲ್ಲ. ಮೊದಲ ತಿಂಗಳು ಐದು ಕಿಲೋ ಇಳಿಯಿತು. ಎರಡನೇ ತಿಂಗಳು ಏನಾಯಿತು? ಅವರ ಮಾತಿನಲ್ಲೇ ಕೇಳಿ: "ರಾತ್ರಿ ಎಲ್ಲಾರೂ ಮಲಗಿದ್ಮೇಲೆ ಎದ್ದು, ಪಾತ್ರೇಲಿದ್ದ ಅನ್ನಾನ ಕತ್ಲಲ್ಲೇ ತಿಂದೆ ಸಿಸ್ಟರ್. ನಮ್ಮನೇಲಿ ನಾನೇ ಕಳ್ಳಿ ಆಗ್ಬಿಟ್ಟೆ." ಹೀಗೆ ಹೇಳುವಾಗ ಅವರು ಅಳುತ್ತಿದ್ದರು. ಇಳಿದ ಐದು ಕಿಲೋದಲ್ಲಿ ಮೂರು ಆಗಲೇ ವಾಪಸ್ ಬಂದಿತ್ತು. ಸಾಲ ಮಾತ್ರ ಹಾಗೇ ಇತ್ತು.

ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ, ಈ ಸಂಗತಿಯನ್ನು ಇಲ್ಲಿ ಬರೆದಿದ್ದೇವೆ. ಏಕೆಂದರೆ ಇದು ಒಬ್ಬರ ಕತೆಯಲ್ಲ. ತುಮಕೂರು ನಗರದ ಬಡಾವಣೆಗಳಲ್ಲಿ, ಗುಬ್ಬಿಯಲ್ಲಿ, ಕುಣಿಗಲ್‌ನಲ್ಲಿ ಸಭೆ ಮಾಡಿದಲ್ಲೆಲ್ಲ ಈಗ ಈ ಪ್ರಶ್ನೆ ಬರುತ್ತಿದೆ: "ಸಿಸ್ಟರ್, ತೂಕ ಇಳಿಸ್ಬೇಕು ಅಂತ ಡಾಕ್ಟ್ರು ಹೇಳಿದ್ದಾರೆ. ಏನೇನು ಬಿಡ್ಬೇಕು?"

ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಇಷ್ಟೇ. "ಏನೇನು ಬಿಡಬೇಕು" ಎಂಬ ಪ್ರಶ್ನೆಯೇ ಸರಿಯಿಲ್ಲ. "ಯಾವುದು ಎಷ್ಟು" ಎಂದು ಕೇಳಿಕೊಳ್ಳಬೇಕು.

ಪಟ್ಟಿ ಹಂಚಿ ನಾವೂ ತಪ್ಪು ಮಾಡಿದ್ದೆವು

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ಒಂದು ಆರೋಗ್ಯ ಶಿಬಿರದಲ್ಲಿ ನಾವೇ ಒಂದು ಆಹಾರದ ಪಟ್ಟಿ ಹಂಚಿದ್ದೆವು. ಎಲ್ಲಿಂದಲೋ ತಂದು ಕನ್ನಡಕ್ಕೆ ಇಳಿಸಿದ ಪಟ್ಟಿ. ಬೆಳಗ್ಗೆ ಓಟ್ಸ್, ಹನ್ನೊಂದಕ್ಕೆ ಸೇಬು, ಮಧ್ಯಾಹ್ನ ಎರಡು ಚಪಾತಿ ಮತ್ತು ಸಲಾಡ್, ರಾತ್ರಿ ಸೂಪು. ಕೆಳಗಡೆ ದಪ್ಪ ಅಕ್ಷರದಲ್ಲಿ 'ವರ್ಜ್ಯ' ಎಂದು ಇಪ್ಪತ್ತು ಹೆಸರು.

ಒಂದು ತಿಂಗಳು ಬಿಟ್ಟು ಕೇಳಿದರೆ, ಹೆಚ್ಚಿನವರ ಮನೆಯಲ್ಲಿ ಆ ಪಟ್ಟಿ ಡಬ್ಬದ ಕೆಳಗೆ ಹಾಸುವ ಕಾಗದವಾಗಿತ್ತು. ಹಿರಿಯ ಸದಸ್ಯೆಯೊಬ್ಬರು ನಗುತ್ತಾ, "ಸಿಸ್ಟರಮ್ಮ, ನಿಮ್ಮ ಪಟ್ಟಿ ಪ್ರಕಾರ ನಾನೊಬ್ಬಳು ಊಟ ಮಾಡ್ಬೇಕು ಅಂದ್ರೆ ಮನೆಯೋರೆಲ್ಲ ಉಪವಾಸ ಇರ್ಬೇಕು" ಎಂದರು. ಮಾತು ನಿಜವೇ ಆಗಿತ್ತು. ಸೇಬಿನ ಬೆಲೆ, ಓಟ್ಸಿನ ಬೆಲೆ ನಾವು ಯೋಚಿಸಿರಲಿಲ್ಲ. ಒಂದೇ ಒಲೆಯಲ್ಲಿ ಇಡೀ ಮನೆಗೆ ಅಡುಗೆ ಮಾಡುವ ಹೆಂಗಸು ತನಗಾಗಿ ಬೇರೆ ಅಡುಗೆ ಮಾಡಿಕೊಳ್ಳಲು ಸಾಧ್ಯವೇ ಎಂದೂ ಯೋಚಿಸಿರಲಿಲ್ಲ.

ಆ ಮೇಲೆ ನಾವು ಪಟ್ಟಿ ಹಂಚುವುದನ್ನು ನಿಲ್ಲಿಸಿ, ಮನೆಯಲ್ಲಿ ಏನು ಬೇಯುತ್ತದೋ ಅದರಿಂದಲೇ ಶುರು ಮಾಡಿದೆವು.

ಈ ತೂಕ ಎಲ್ಲಿಂದ ಬಂತು?

ಇದು ಸೋಮಾರಿಗಳ ಕಾಯಿಲೆ ಎಂದು ಯಾರೂ ಹಂಗಿಸಬಾರದು. ನಮ್ಮ ಬದುಕೇ ಬದಲಾಗಿದೆ. ನಮ್ಮ ಅಮ್ಮಂದಿರು ಬಾವಿಯಿಂದ ನೀರು ಸೇದಿದರು, ಒರಳಲ್ಲಿ ಖಾರ ರುಬ್ಬಿದರು, ರಾಗಿ ಬೀಸಿದರು, ಹೊಲಕ್ಕೆ ಬುತ್ತಿ ಹೊತ್ತು ನಡೆದರು. ಎರಡು ದೊಡ್ಡ ಮುದ್ದೆ ಉಂಡರೂ ಸಂಜೆ ಹೊತ್ತಿಗೆ ಕರಗುತ್ತಿತ್ತು. ಈಗ ನೀರು ನಲ್ಲಿಯಲ್ಲಿ, ಖಾರ ಮಿಕ್ಸಿಯಲ್ಲಿ, ಹಿಟ್ಟು ಮಿಲ್ಲಿನಲ್ಲಿ. ಒಳ್ಳೆಯದೇ ಆಯಿತು, ಆ ಕಷ್ಟ ಮತ್ತೆ ಬರುವುದು ಬೇಡ. ಆದರೆ ದೇಹದ ದುಡಿಮೆ ಕಡಿಮೆಯಾದಷ್ಟು ತಟ್ಟೆಯ ಅಳತೆ ಕಡಿಮೆಯಾಗಲಿಲ್ಲ. ಅದರ ಮೇಲೆ ಬೇಕರಿ ಬನ್ನು, ಪ್ಯಾಕೆಟ್ ಎಣ್ಣೆ, ದಿನಕ್ಕೆ ಐದಾರು ಲೋಟ ಸಿಹಿ ಟೀ ಸೇರಿಕೊಂಡವು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ನೋಡಿ. 2015–16ರಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅತಿ ತೂಕದವರು ಶೇ. 23.3 ಇದ್ದರು. 2019–21ರ ಸಮೀಕ್ಷೆಯಲ್ಲಿ ಅದು ಶೇ. 30.1 ಆಗಿದೆ. ಗಂಡಸರಲ್ಲಿ ಶೇ. 22.1 ಇದ್ದದ್ದು ಶೇ. 30.9 ಆಗಿದೆ. ಅಂದರೆ ಹತ್ತರಲ್ಲಿ ಮೂವರು.

ಅದೇ ಸಮೀಕ್ಷೆಯ ಇನ್ನೊಂದು ಅಂಕಿಯನ್ನು ಮರೆಯಬಾರದು. ನಮ್ಮ ರಾಜ್ಯದ ಹೆಂಗಸರಲ್ಲಿ ಶೇ. 47.8 ಜನರಿಗೆ ರಕ್ತಹೀನತೆ ಇದೆ. ಹೆಚ್ಚುಕಡಿಮೆ ಅರ್ಧ! ಹಾಗಾಗಿ ತೂಕ ಹೆಚ್ಚಿರುವ ಹೆಂಗಸಿಗೇ ರಕ್ತ ಕಡಿಮೆಯೂ ಇರಬಹುದು. ಮೈ ತುಂಬಿಕೊಂಡಿದೆ ಎಂದರೆ ಪೋಷಣೆ ತುಂಬಿದೆ ಎಂದು ಅರ್ಥವಲ್ಲ. ಗುಬ್ಬಿಯ ನಮ್ಮ ಸಹೋದರಿಯ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9 ಗ್ರಾಂ ಇತ್ತು. ಗರ್ಭಿಣಿಯಲ್ಲದ ಹೆಂಗಸಿಗೆ ಕನಿಷ್ಠ 12 ಇರಬೇಕು. ಅಂಥವರು ಊಟ ಬಿಟ್ಟರೆ ಕಣ್ಣು ಕತ್ತಲೆ ಬರದೆ ಇನ್ನೇನಾದೀತು?

ಬೇಡ ಅಂದಷ್ಟೂ ಬೇಕು ಅನ್ನಿಸುವುದೇಕೆ?

ಕದ್ದು ತಿಂದೆ ಎಂದು ಅತ್ತ ಆ ಸಹೋದರಿಗೆ ನಾವು ಒಂದು ಹಳೆಯ ಸಂಗತಿ ಹೇಳಿದೆವು.

ಎರಡನೇ ಮಹಾಯುದ್ಧದ ಕಾಲ. ಯುದ್ಧದಿಂದ ಹಸಿದು ಕಂಗಾಲಾದ ಜನರಿಗೆ ಮತ್ತೆ ಊಟ ಕೊಟ್ಟು ಚೇತರಿಸುವುದು ಹೇಗೆ ಎಂದು ತಿಳಿಯಲು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 1944–45ರಲ್ಲಿ ಒಂದು ಪ್ರಯೋಗ ಮಾಡಿದರು. ಆತ್ಮಸಾಕ್ಷಿಯ ಕಾರಣಕ್ಕೆ ಬಂದೂಕು ಹಿಡಿಯಲು ಒಪ್ಪದ 36 ಆರೋಗ್ಯವಂತ ಯುವಕರು ತಾವಾಗಿಯೇ ಮುಂದೆ ಬಂದರು. ಸುಮಾರು ಆರು ತಿಂಗಳು ಅವರಿಗೆ ಅರೆಹೊಟ್ಟೆ ಊಟ. ಎಲ್ಲರೂ ಗಟ್ಟಿ ಮನಸ್ಸಿನವರೇ. ಆದರೂ ಅವರಿಗೆ ಹಗಲು ರಾತ್ರಿ ಊಟದ್ದೇ ಯೋಚನೆಯಾಯಿತು. ಅಡುಗೆ ಪುಸ್ತಕ ಓದುತ್ತಾ ಕೂತರು, ತಟ್ಟೆ ನೆಕ್ಕಿದರು, ಸಣ್ಣದಕ್ಕೂ ಸಿಡುಕಿದರು, ಮಂಕಾದರು. ಪ್ರಯೋಗ ಮುಗಿದ ಮೇಲೆ ಎಷ್ಟು ತಿಂದರೂ ಸಾಲದಾಯಿತು.

ಇದರಿಂದ ನಮಗೆ ತಿಳಿಯುವುದೇನು? ಊಟ ವಿಪರೀತ ಕಡಿಮೆಯಾದರೆ ದೇಹ ಅದನ್ನು ಬರಗಾಲ ಎಂದೇ ತಿಳಿಯುತ್ತದೆ. ಹಸಿವು ಹೆಚ್ಚಿಸುತ್ತದೆ, ಖರ್ಚು ಕಡಿಮೆ ಮಾಡುತ್ತದೆ, ಕೊಬ್ಬಿನ ಜೊತೆ ಮಾಂಸಖಂಡವನ್ನೂ ಕರಗಿಸುತ್ತದೆ. ಮತ್ತೆ ಊಟ ಸಿಕ್ಕಾಗ ಎರಡರಷ್ಟು ಕೇಳುತ್ತದೆ. ಇದು ಮನಸ್ಸಿನ ದೌರ್ಬಲ್ಯ ಅಲ್ಲ, ಪಾಪವೂ ಅಲ್ಲ. ದೇವರು ದೇಹಕ್ಕೆ ಕೊಟ್ಟ ರಕ್ಷಣೆ. ಅದರ ಜೊತೆ ಜಗಳಕ್ಕೆ ಇಳಿದರೆ ಸೋಲುವವರು ನಾವೇ.

ಹೀಗಾಗಿ ಇಳಿಸುವುದಾದರೆ ನಿಧಾನವಾಗಿ ಇಳಿಸಬೇಕು. ತಿಂಗಳಿಗೆ ಒಂದರಿಂದ ಎರಡು ಕಿಲೋ ಸಾಕು.

ನಮಗೆ ಇಳಿಸುವ ಅಗತ್ಯ ಇದೆಯೇ?

ಪಕ್ಕದ ಮನೆಯವರು "ದಪ್ಪ ಆಗಿದ್ದೀಯ" ಅಂದರು ಎಂದು ಯಾರೂ ಶುರು ಮಾಡಬೇಡಿ. ಅಳೆದು ನೋಡಿ.

ಒಂದು, ಟೈಲರ್ ಟೇಪಿನಲ್ಲಿ ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಎಚ್ಚರ. ಹೊಟ್ಟೆಯ ಕೊಬ್ಬೇ ಸಕ್ಕರೆ ಕಾಯಿಲೆಗೂ ಹೃದಯದ ಕಾಯಿಲೆಗೂ ಹತ್ತಿರದ ನೆಂಟ.

ಎರಡು, ತೂಕ ಮತ್ತು ಎತ್ತರದ ಲೆಕ್ಕ. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿ. ಐದಡಿ ಎತ್ತರ ಅಂದರೆ 1.52 ಮೀಟರ್. 68 ಕಿಲೋ ಇದ್ದರೆ 68ನ್ನು 1.52ರಿಂದ ಎರಡು ಸಲ ಭಾಗಿಸಿದಾಗ ಸುಮಾರು 29 ಬರುತ್ತದೆ. ನಮ್ಮವರಿಗೆ 23ರ ಒಳಗಿದ್ದರೆ ಸರಿ, 25 ದಾಟಿದರೆ ಇಳಿಸುವುದು ಒಳ್ಳೆಯದು.

29 ಬಂತು ಎಂದು ಗಾಬರಿ ಬೇಡ. ಒಟ್ಟು ತೂಕದ ನೂರಕ್ಕೆ ಐದು ಪಾಲು ಇಳಿದರೂ ಬಿಪಿ, ಸಕ್ಕರೆಯಲ್ಲಿ ಸುಧಾರಣೆ ಕಾಣಿಸುತ್ತದೆ. 68 ಕಿಲೋ ಇರುವವರಿಗೆ ಅದು ಬರೀ ಮೂರೂವರೆ ಕಿಲೋ.

ನಮ್ಮ ತಟ್ಟೆಯ ಲೆಕ್ಕ

"ಮುದ್ದೆ ತಿಂದ್ರೆ ದಪ್ಪ ಆಗ್ತೀವಾ, ಅನ್ನ ತಿಂದ್ರೆ ದಪ್ಪ ಆಗ್ತೀವಾ?" ಎಲ್ಲ ಸಭೆಯಲ್ಲೂ ಇದೊಂದು ಪ್ರಶ್ನೆ ಇದ್ದೇ ಇರುತ್ತದೆ. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, 100 ಗ್ರಾಂ ಅಕ್ಕಿಯಲ್ಲಿ ಸುಮಾರು 350. ದೊಡ್ಡ ವ್ಯತ್ಯಾಸ ಇಲ್ಲ. ಆದರೆ ರಾಗಿಯಲ್ಲಿ ನಾರು ಹೆಚ್ಚು, ಹೊಟ್ಟೆ ತುಂಬಿದ ಹಾಗಿರುತ್ತದೆ. ಸುಣ್ಣದ ಅಂಶವಂತೂ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಇದೆ. ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ನಲವತ್ತು ದಾಟಿದ ಹೆಂಗಸರ ಮೂಳೆಗೆ ಇದು ಬೇಕೇ ಬೇಕು. ಆದ್ದರಿಂದ ಮುದ್ದೆ ಬಿಡಬೇಡಿ. ಮುದ್ದೆ ಉಂಡ ಮೇಲೆ ತಟ್ಟೆ ತುಂಬ ಅನ್ನ ಹಾಕಿಕೊಳ್ಳುತ್ತೇವಲ್ಲ, ನೋಡಬೇಕಾದದ್ದು ಅದನ್ನು. ಮುದ್ದೆಯೂ ಧಾನ್ಯ, ಅನ್ನವೂ ಧಾನ್ಯ. ಒಂದು ಊಟದಲ್ಲಿ ಎರಡು ಊಟದ ಧಾನ್ಯ ಸೇರುತ್ತಿದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಆಹಾರ ಮಾರ್ಗಸೂಚಿ ಹೊರತಂದಿದೆ. ಅದರಲ್ಲಿ ದಿನದ ತಟ್ಟೆಯ ಅರ್ಧ ಭಾಗ ತರಕಾರಿ, ಸೊಪ್ಪು, ಹಣ್ಣು ಇರಬೇಕು ಎಂದಿದೆ. ಇನ್ನರ್ಧದಲ್ಲಿ ಧಾನ್ಯ, ಬೇಳೆಕಾಳು, ಮೊಟ್ಟೆ-ಮಾಂಸ, ಕಡ್ಲೆಕಾಯಿಯಂಥವು. ಜೊತೆಗೆ ಹಾಲು ಮೊಸರು.

ಇದು ಹೊಸದೇನೂ ಅಲ್ಲ. ನಮ್ಮ ಬಸ್ಸಾರು ನೆನಪು ಮಾಡಿಕೊಳ್ಳಿ. ಸೊಪ್ಪು, ಕಾಳು ಬೇಯಿಸಿ ಬಸಿಯುತ್ತೇವೆ. ಬಸಿದ ಕಟ್ಟು ಸಾರಾಗುತ್ತದೆ, ಸೊಪ್ಪುಕಾಳು ಪಲ್ಯವಾಗುತ್ತದೆ. ಪಕ್ಕದಲ್ಲಿ ಒಂದು ಮುದ್ದೆ. ಹೈದರಾಬಾದಿನವರು ಹೇಳಿದ ತಟ್ಟೆ ಇದೇ ಅಲ್ಲವೇ? ಆದರೆ ಈಗ ನಾವು ಏನು ಮಾಡುತ್ತಿದ್ದೇವೆ? ಪಲ್ಯ ಉಪ್ಪಿನಕಾಯಿ ಹಾಗೆ ತಟ್ಟೆಯ ಅಂಚಿಗೆ ಒಂದು ಚಮಚ, ಅನ್ನ ಮಾತ್ರ ಗುಡ್ಡೆ. ಇದನ್ನು ತಿರುಗಿಸಿದರೆ ಆಯಿತು.

ತಕ್ಕಡಿ ಬೇಡ, ನಮ್ಮ ಕೈಯೇ ಅಳತೆ:

• ಮುದ್ದೆ: ನಿಮ್ಮ ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಒಂದು. ಜೊತೆಗೆ ಅನ್ನ ಬೇಕೇ ಬೇಕು ಅನ್ನಿಸಿದರೆ ಒಂದು ಸಣ್ಣ ಸೌಟು, ಮಜ್ಜಿಗೆಗೆ.

• ಪಲ್ಯ, ಸೊಪ್ಪು, ಹಸಿ ತರಕಾರಿ: ಎರಡು ಬೊಗಸೆ ತುಂಬ. ಹರಿವೆ, ದಂಟು, ನುಗ್ಗೆಸೊಪ್ಪು, ಬೆರಕೆ ಸೊಪ್ಪು, ಯಾವುದಾದರೂ ಸರಿ.

• ಕಾಳು: ಒಂದು ದೊಡ್ಡ ಬಟ್ಟಲು. ಹುರುಳಿ, ಅಲಸಂದೆ, ಹೆಸರು, ಕಾಲಕ್ಕೆ ಅವರೆ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇದೆ. ಮೊಟ್ಟೆ ತಿನ್ನುವವರು ಒಂದು ಮೊಟ್ಟೆ. ಪ್ರೋಟೀನು ಸಾಕಷ್ಟಿದ್ದರೆ ಸಂಜೆ ಬೋಂಡದ ಅಂಗಡಿ ಅಷ್ಟಾಗಿ ಕರೆಯುವುದಿಲ್ಲ.

• ಎಣ್ಣೆ: ಒಬ್ಬರಿಗೆ ದಿನಕ್ಕೆ ನಾಲ್ಕೈದು ಟೀ ಚಮಚ. ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರು ಲೀಟರಿನ ಒಳಗೆ ಮುಗಿಯಬೇಕು. ತಿಂಗಳ ಸಾಮಾನು ತರುವಾಗಲೇ ಇದನ್ನು ನೋಡಿ.

• ತೆಂಗಿನಕಾಯಿ: ಸಾರಿಗೆ ಕಾಯಿ ಹಾಕಲೇಬೇಡಿ ಎಂದರೆ ಗುಬ್ಬಿ, ತಿಪಟೂರಿನವರು ನಮ್ಮನ್ನು ಊರೊಳಗೆ ಬಿಡುವುದಿಲ್ಲ! ಹಾಕಿ, ಆದರೆ ಕಾಯಿ ರುಬ್ಬಿ ಹಾಕಿದ ದಿನ ಒಗ್ಗರಣೆಗೆ ಎಣ್ಣೆ ಒಂದೇ ಚಮಚ ಇರಲಿ.

ಹೊಲದಲ್ಲಿ, ಗಾರೆ ಕೆಲಸದಲ್ಲಿ ದಿನವಿಡೀ ಮೈ ಮುರಿದು ದುಡಿಯುವವರಿಗೆ ಧಾನ್ಯ ಇನ್ನೂ ಹೆಚ್ಚು ಬೇಕು. ಈ ಅಳತೆ ಕೂತು ಕೆಲಸ ಮಾಡುವವರಿಗೆ.

ಈಗ ಉಳಿತಾಯದ ಲೆಕ್ಕ ನೋಡೋಣ. ದಿನಕ್ಕೆ ಆರು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ 12 ಚಮಚ, 60 ಗ್ರಾಂ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಟೀ ನಾಲ್ಕಕ್ಕೆ ಇಳಿಸಿ, ಒಂದೊಂದೇ ಚಮಚ ಸಕ್ಕರೆ ಹಾಕಿದರೆ ಸುಮಾರು 160 ಕ್ಯಾಲೊರಿ ಉಳಿಯಿತು. ಎಣ್ಣೆ ಎರಡು ಚಮಚ ಕಡಿಮೆ ಮಾಡಿದರೆ 80. ಮುದ್ದೆಯ ಮೇಲಿನ ಅನ್ನದಲ್ಲಿ ಒಂದು ಹಿಡಿ ಅಕ್ಕಿಯಷ್ಟು, ಅಂದರೆ 50 ಗ್ರಾಂ, ಕಡಿಮೆ ಮಾಡಿದರೆ 175. ಒಟ್ಟು ಸುಮಾರು 400 ಕ್ಯಾಲೊರಿ. ಯಾವುದನ್ನೂ ಬಿಟ್ಟಿಲ್ಲ, ಯಾವ ಪುಡಿಯನ್ನೂ ಕೊಂಡಿಲ್ಲ. ಸಂಘದಲ್ಲಿ ಹತ್ತು ಹತ್ತು ರೂಪಾಯಿ ಸೇರಿಸಿ ಸಾವಿರ ಮಾಡಿದವರು ನೀವು. ಇದೂ ಅದೇ ಲೆಕ್ಕ.

ಇನ್ನೊಂದು ಮಾತು. ಊಟ ಆದ ಕೂಡಲೇ ಟೀ ಕುಡಿಯಬೇಡಿ. ಊಟದಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಹಿಡಿಯುವುದನ್ನು ಟೀ ತಡೆಯುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ.

ಯಾವುದಕ್ಕೂ ಬಹಿಷ್ಕಾರ ಬೇಡ

ಕ್ಯಾತಸಂದ್ರದ ತಟ್ಟೆ ಇಡ್ಲಿ ಬಿಡಿ ಎಂದು ತುಮಕೂರಿನವರಿಗೆ ಹೇಳುವುದು ಹೇಗೆ? ಹೇಳುವ ಅಗತ್ಯವೂ ಇಲ್ಲ. ಇಡ್ಲಿ ಹಬೆಯಲ್ಲಿ ಬೆಂದದ್ದು. ಒಂದು ತಟ್ಟೆ ಇಡ್ಲಿ ಎರಡು-ಮೂರು ಸಾಮಾನ್ಯ ಇಡ್ಲಿಗೆ ಸಮ ಎಂದು ತಿಳಿದು ತಿಂದರೆ ಸಾಕು. ಒಂದು ತಟ್ಟೆ ಇಡ್ಲಿ, ಚಟ್ನಿ. ಅದರ ಮೇಲೆ ಬೆಣ್ಣೆ, ಪಕ್ಕದಲ್ಲಿ ಎರಡು ವಡೆ, ಆಮೇಲೆ ಕಾಫಿ ಎಂದು ಸಾಲು ಹಿಡಿದು ಬಂದಾಗ ಲೆಕ್ಕ ತಪ್ಪುತ್ತದೆ. ಬೆಣ್ಣೆಯೋ ವಡೆಯೋ, ಒಂದನ್ನು ಆರಿಸಿಕೊಳ್ಳಿ.

ಗುಬ್ಬಿ ತಾಲೂಕಿನ ಚೇಳೂರಿನ ಸಿದ್ದು ಹಲಸು ಈಗ ನಾಡಿನಲ್ಲೆಲ್ಲ ಹೆಸರು ಮಾಡಿದೆ. ಹಲಸಿನ ಕಾಲದಲ್ಲಿ ಹಲಸು ತಿನ್ನದೆ ಇನ್ನು ಯಾವಾಗ ತಿನ್ನುವುದು? ಐದಾರು ತೊಳೆ ತಿನ್ನಿ, ಆ ಹೊತ್ತು ಬಿಸ್ಕತ್ತು ಬನ್ನು ಬೇಡ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಡಾಕ್ಟರನ್ನು ಕೇಳಿ ಎರಡು ಮೂರು ತೊಳೆಗೆ ನಿಲ್ಲಿಸಿ.

ಯುಗಾದಿಗೆ ಒಂದು ಹೋಳಿಗೆ, ಕ್ರಿಸ್ತ ಜಯಂತಿಗೆ ಎರಡು ಕಜ್ಜಾಯ, ಭಾನುವಾರ ಕೋಳಿ ಸಾರು, ಇವು ಬದುಕಿನ ಸಂತೋಷ. ಹಬ್ಬ ಒಂದು ದಿನ ಬರುತ್ತದೆ, ಅದರಿಂದ ಯಾರೂ ದಪ್ಪ ಆಗುವುದಿಲ್ಲ. ಹಬ್ಬದ ಡಬ್ಬ ಹದಿನೈದು ದಿನ ಅಡುಗೆಮನೆಯಲ್ಲಿ ಕೂತಿದ್ದರೆ ಆಗುತ್ತೇವೆ. ಮಾಡಿದ್ದನ್ನು ಅಕ್ಕಪಕ್ಕದವರಿಗೆ, ಒಂಟಿ ಮುದುಕರಿಗೆ ಹಂಚಿಬಿಡಿ. ಪುಣ್ಯವೂ ಬರುತ್ತದೆ, ಸೊಂಟವೂ ಉಳಿಯುತ್ತದೆ.

ಒಂದು ಹೊತ್ತು ಹೆಚ್ಚಾಯಿತೋ, ಆಯಿತು. "ಇವತ್ತು ಕೆಟ್ಟೋಯ್ತು, ಇನ್ನು ಸೋಮವಾರದಿಂದ ನೋಡೋಣ" ಎನ್ನಬೇಡಿ. ಮುಂದಿನ ಊಟ ಮಾಮೂಲಿ ಅಳತೆಯಲ್ಲಿ ಮಾಡಿ. ಒಂದು ವಾರ ಕಂತು ತಪ್ಪಿತು ಎಂದು ಸಂಘವನ್ನೇ ಬಿಟ್ಟು ಹೋಗುತ್ತೇವೆಯೇ?

ಉಳಿದ ಅನ್ನ ಯಾರ ಹೊಟ್ಟೆಗೆ?

ಇದು ಸೂಕ್ಷ್ಮ ವಿಷಯ, ಆದರೂ ಹೇಳಲೇಬೇಕು. ನಾವು ಮನೆಮನೆಗೆ ಹೋಗಿ ಕೂತು ಮಾತಾಡಿದಾಗ ಕಂಡದ್ದು ಇದು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು ಹೆಂಗಸು. ಅಷ್ಟು ಹೊತ್ತಿಗೆ ಪಲ್ಯ ಖಾಲಿ, ಕಾಳು ಖಾಲಿ, ಮೊಟ್ಟೆ ಮಕ್ಕಳಿಗೆ, ಮಾಂಸದ ತುಂಡು ಗಂಡಸರಿಗೆ. ಉಳಿದದ್ದು ಅನ್ನ, ತಿಳಿಸಾರು. "ಅನ್ನ ಬಿಸಾಕಬಾರದು, ಪಾಪ" ಎಂದು ಅಷ್ಟನ್ನೂ ಅವಳೇ ತಿನ್ನುತ್ತಾಳೆ. ಮಗು ಬಿಟ್ಟ ಅರ್ಧ ದೋಸೆಯೂ ಅವಳಿಗೇ. ತೂಕ ಏರುವುದೂ ರಕ್ತ ಇಳಿಯುವುದೂ ಒಟ್ಟಿಗೇ ಆಗುವುದು ಹೀಗೆ.

ಇದಕ್ಕೆ ಪರಿಹಾರ ಅವಳೊಬ್ಬಳ ಕೈಯಲ್ಲಿಲ್ಲ, ಇಡೀ ಮನೆಯವರ ಕೈಯಲ್ಲಿದೆ. ಅಡುಗೆ ಆದ ಕೂಡಲೇ ಅಮ್ಮನ ಪಾಲಿನ ಪಲ್ಯ, ಕಾಳು ಒಂದು ಬಟ್ಟಲಲ್ಲಿ ತೆಗೆದಿಡಿ. ಆಗುವುದಾದರೆ ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಅಕ್ಕಿ ಹಾಕುವಾಗಲೇ ಅರ್ಧ ಲೋಟ ಕಡಿಮೆ ಹಾಕಿ, ಉಳಿಯುವುದೇ ಕಡಿಮೆಯಾಗುತ್ತದೆ. ಉಳಿದರೆ ನಾಯಿಗೂ ದನಕ್ಕೂ ಹಾಕಬಹುದು. ನಮ್ಮ ಹೊಟ್ಟೆ ಕಸದ ಬುಟ್ಟಿಯಲ್ಲ. ದೇಹ ದೇವರ ಆಲಯ ಎಂದು ಸಂತ ಪೌಲರು ಕಲಿಸಿದ್ದಾರೆ. ಅಡುಗೆ ಮಾಡುವವಳ ದೇಹವೂ ಆಲಯವೇ.

ಗಂಡಂದಿರಿಗೆ ಒಂದು ಮಾತು. ಹೆಂಡತಿಯ ಮೈ ನೋಡಿ ತಮಾಷೆ ಮಾಡುವ ಬದಲು, ದಿನಕ್ಕೆ ಒಂದು ಸಲ "ನೀನು ಊಟ ಮಾಡಿದೆಯಾ, ಪಲ್ಯ ಉಳಿದಿದೆಯಾ?" ಎಂದು ಕೇಳಿ. ಯಾವ ಪುಡಿಗಿಂತಲೂ ಅದು ದೊಡ್ಡ ಔಷಧಿ.

ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ

ಕುಣಿಗಲ್ ಕಡೆ ಗಾರ್ಮೆಂಟ್ಸಿಗೆ, ಫ್ಯಾಕ್ಟರಿಗೆ ಹೋಗುವ ಹೆಣ್ಣುಮಕ್ಕಳ ಕಷ್ಟ ಬೇರೆ. ಬೆಳಗ್ಗೆ ಗಾಡಿ ಬರುವ ಹೊತ್ತಿಗೆ ತಿನ್ನಲು ಸಮಯವಿಲ್ಲ. ಹತ್ತು ಗಂಟೆಗೆ ಟೀ ಬಿಸ್ಕತ್ತು. ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ. ದಿನವಿಡೀ ಮಿಷನ್ ಮುಂದೆ ಕೂತು ಸಂಜೆ ಇಳಿದಾಗ ಹಸಿವು ತಡೆಯಲಾಗದೆ ಬಸ್ ಸ್ಟ್ಯಾಂಡಿನಲ್ಲಿ ಬಜ್ಜಿ. ರಾತ್ರಿ ಒಂಬತ್ತೂವರೆಗೆ ದೊಡ್ಡ ಊಟ, ಕೂಡಲೇ ನಿದ್ದೆ.

ಇಲ್ಲಿ ಕಡಿಮೆ ಮಾಡುವುದಕ್ಕಿಂತ ಹೊತ್ತು ಸರಿ ಮಾಡುವುದು ಮುಖ್ಯ. ಬೆಳಗ್ಗೆ ಏನೂ ಆಗದಿದ್ದರೆ ಮಜ್ಜಿಗೆ ಹಾಕಿದ ರಾಗಿ ಅಂಬಲಿ ಒಂದು ಲೋಟ ಕುಡಿದು ಹೋಗಿ. ಡಬ್ಬಿಯಲ್ಲಿ ಚಿತ್ರಾನ್ನವೇ ಇರಲಿ, ಆದರೆ ಅರ್ಧ ಡಬ್ಬಿ. ಇನ್ನರ್ಧ ಹೆಸರುಕಾಳಿನ ಕೋಸಂಬರಿ ಅಥವಾ ಬೇಯಿಸಿದ ಮೊಟ್ಟೆ, ಸೌತೆಕಾಯಿ. ಬ್ಯಾಗಿನಲ್ಲಿ ಒಂದು ಹಿಡಿ ಹುರಿಗಡಲೆ ಇಲ್ಲವೇ ಬೇಯಿಸಿದ ಕಡ್ಲೆಕಾಯಿ ಇದ್ದರೆ, ಸಂಜೆ ಬಸ್ಸಿಗೆ ಕಾಯುವಾಗ ಬಜ್ಜಿ ವಾಸನೆ ಅಷ್ಟು ಎಳೆಯುವುದಿಲ್ಲ. ವಾರಕ್ಕೊಂದು ದಿನ ಗೆಳತಿಯರ ಜೊತೆ ಬಜ್ಜಿ ತಿನ್ನಿ, ಖುಷಿಯಾಗಿ ತಿನ್ನಿ.

ನಡಿಗೆಯೂ ಬೇಕು. ತುಮಕೂರಿನಲ್ಲಿ ಅಮಾನಿಕೆರೆ ಪಾರ್ಕಿನಲ್ಲಿ ನಡೆಯಬಹುದು. ಬೇರೆ ಕಡೆ ಒಂದು ಸ್ಟಾಪ್ ಮೊದಲೇ ಇಳಿದು ನಡೆದರೂ ಆಯಿತು. ದಿನಕ್ಕೆ ಅರ್ಧ ಗಂಟೆ, ಬೆವರು ಸಣ್ಣಗೆ ಬರುವಷ್ಟು. ನಿದ್ದೆ ಏಳು ಗಂಟೆ. ನಿದ್ದೆಗೆಟ್ಟವರಿಗೆ ಹಸಿವು ಹೆಚ್ಚು.

ಉಪವಾಸದ ಅರ್ಥ

"ತಪಸ್ಸುಕಾಲದಲ್ಲಿ ಉಪವಾಸ ಮಾಡ್ತೀವಲ್ಲ ಸಿಸ್ಟರ್, ಅದು ತಪ್ಪಾ?" ಎಂದು ಕೇಳಿದವರಿದ್ದಾರೆ. ಏಕಾದಶಿ, ರಂಜಾನ್ ಮಾಡುವ ಸಹೋದರಿಯರೂ ನಮ್ಮ ಸಂಘಗಳಲ್ಲಿದ್ದಾರೆ. ಉಪವಾಸ ಪ್ರಾರ್ಥನೆಗಾಗಿ, ಬಡವರ ಹಸಿವು ನಮಗೂ ತಿಳಿಯಲಿ ಎಂಬುದಕ್ಕಾಗಿ. ಅದು ತೂಕದ ಯಂತ್ರಕ್ಕಾಗಿ ಅಲ್ಲ. ಬೂದಿ ಬುಧವಾರವೂ ಶುಭ ಶುಕ್ರವಾರವೂ ಒಂದು ಹೊತ್ತು ಪೂರ್ತಿ ಊಟಕ್ಕೆ ಧರ್ಮಸಭೆಯೇ ಅವಕಾಶ ಕೊಟ್ಟಿದೆ. ಕಾಯಿಲೆ ಇರುವವರಿಗೆ ವಿನಾಯಿತಿಯೂ ಇದೆ.

ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದವರಿಗೆ ನಿಯಮ ಬರೆದಾಗ ಊಟಕ್ಕೆ ಎರಡು ಬೇಯಿಸಿದ ಪದಾರ್ಥ ಇರಲಿ ಎಂದರು, ಒಂದು ಒಗ್ಗದವರು ಇನ್ನೊಂದು ತಿನ್ನಲಿ ಎಂದು. ಕೆಲಸ ಹೆಚ್ಚಿದ್ದ ದಿನ ಊಟ ಹೆಚ್ಚಿಸಬಹುದು, ಆದರೆ ಅತಿಯಾಗಬಾರದು ಎಂದರು. ಇನ್ನೊಬ್ಬರ ಊಟದ ಅಳತೆ ಹೇಳಲು ಅವರಿಗೇ ಸಂಕೋಚವಾಗಿತ್ತು. ನಮ್ಮ ತುಮಕೂರಿನಲ್ಲೇ ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮೀಜಿ ಸಾವಿರಾರು ಮಕ್ಕಳಿಗೆ ಹೊಟ್ಟೆ ತುಂಬ ಅನ್ನ ಹಾಕಿಸಿ, ತಾವು ಹೊತ್ತಿಗೆ ಸರಿಯಾಗಿ, ಮಿತವಾಗಿ ಉಂಡು, 2019ರಲ್ಲಿ ಲಿಂಗೈಕ್ಯರಾಗುವವರೆಗೆ 111 ವರ್ಷ ಬಾಳಿದರು. ಹಿರಿಯರ ದಾರಿ ಮಿತದ ದಾರಿ. ಊಟವನ್ನು ದ್ವೇಷಿಸುವ ದಾರಿಯಲ್ಲ.

ಇವರು ತಾವಾಗಿ ಶುರು ಮಾಡಬಾರದು

• ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಬೆಳೆಯುವ ವಯಸ್ಸಿನ ಹುಡುಗಿಯರು.

• ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು. ಊಟ ಕಡಿಮೆಯಾಗಿ ಔಷಧಿ ಹಾಗೇ ಇದ್ದರೆ ಸಕ್ಕರೆ ಕುಸಿದು ಪ್ರಾಣಕ್ಕೇ ಅಪಾಯ. ಡಾಕ್ಟರಿಗೆ ಹೇಳಿಯೇ ಬದಲಾಯಿಸಿ.

• ಪ್ರಯತ್ನ ಮಾಡದೆಯೇ ತೂಕ ಇಳಿಯುತ್ತಿರುವವರು. ಅದು ಖುಷಿ ಪಡುವ ವಿಷಯವಲ್ಲ. ಕ್ಷಯ, ಸಕ್ಕರೆ ಕಾಯಿಲೆ ಇದೆಯೇ ಎಂದು ಪರೀಕ್ಷೆ ಮಾಡಿಸಿ.

• ಏನು ಮಾಡಿದರೂ ತೂಕ ಏರುತ್ತಿದ್ದರೆ, ಸುಸ್ತು, ಮುಟ್ಟಿನ ಏರುಪೇರು ಇದ್ದರೆ ಥೈರಾಯ್ಡ್ ಪರೀಕ್ಷೆ ಬೇಕಾಗಬಹುದು.

30 ವರ್ಷ ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆ ತಪಾಸಣೆ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿ. ಜಾಹೀರಾತಿನ ಪುಡಿ, ಮಾತ್ರೆ, ಬೆಲ್ಟುಗಳಿಗೆ ಸಂಘದ ಸಾಲ ತೆಗೆಯಬೇಡಿ.

ಸಂಘದಲ್ಲಿ ಹೀಗೆ ಮಾಡಬಹುದು

ಗುಬ್ಬಿಯ ಆ ಸಂಘದವರು ಸೇರಿ ಒಂದು ಟೇಪು, ಒಂದು ತೂಕದ ಯಂತ್ರ ತಂದರು. ತಿಂಗಳಿಗೊಮ್ಮೆ ಮಾತ್ರ ಅಳೆಯುವುದು. ದಿನಾ ಹತ್ತಿ ನೋಡಿದರೆ ಮನಸ್ಸು ಕೆಡುತ್ತದೆ. ಅಳತೆ ಅವರವರ ಪುಸ್ತಕದಲ್ಲಿ, ಇನ್ನೊಬ್ಬರು ನೋಡುವಂತಿಲ್ಲ. ಸಭೆಯ ಬಿಸ್ಕತ್ತು ಹೋಗಿ ಕಡ್ಲೆಪುರಿ, ಕಾಳಿನ ಉಸಲಿ ಬಂತು. ತಿಂಗಳಿಗೆ ಒಂದೇ ಬದಲಾವಣೆ: ಮೊದಲ ತಿಂಗಳು ಟೀ ಸಕ್ಕರೆ, ಎರಡನೇ ತಿಂಗಳು ಎಣ್ಣೆ, ಮೂರನೇ ತಿಂಗಳು ಪಲ್ಯ. ನಮ್ಮ ಕೇಂದ್ರದಲ್ಲೂ ಅತಿಥಿಗಳಿಗೆ ಕೊಡುವ ಟೀಗೆ ಸಕ್ಕರೆ ಬೇರೆ ಇಡಲು ಶುರು ಮಾಡಿದೆವು. ಊರಿಗೆ ಉಪದೇಶ ಮಾಡಿ ನಾವು ಸುಮ್ಮನಿರಲಾದೀತೇ?

ಆ ಸಹೋದರಿಯ ಸಂಗತಿ ಹೇಳಿ ಮುಗಿಸುತ್ತೇವೆ. ಅವರು ಮತ್ತೆ ಮುದ್ದೆ ಉಂಡರು. ಮುಷ್ಟಿಯಷ್ಟು ಮುದ್ದೆ, ತಟ್ಟೆ ತುಂಬ ಸೊಪ್ಪು. ಆರೋಗ್ಯ ಕೇಂದ್ರದ ಕಬ್ಬಿಣದ ಮಾತ್ರೆ ತಪ್ಪದೆ ನುಂಗಿದರು. ಒಂದು ವರ್ಷದಲ್ಲಿ ಆರು ಕಿಲೋ ಇಳಿದಿದ್ದಾರೆ. ನಡುವೆ ಎರಡು ತಿಂಗಳು ಏನೂ ಇಳಿಯಲಿಲ್ಲ, ಮಗಳ ಮದುವೆಯ ತಿಂಗಳು ಒಂದು ಕಿಲೋ ಏರಿತ್ತು ಕೂಡ. ಹಿಮೋಗ್ಲೋಬಿನ್ 11 ದಾಟಿದೆ. ಪುಡಿಯ ಸಾಲವೂ ತೀರಿದೆ. ಮೊನ್ನೆ ಸಭೆಯಲ್ಲಿ, "ಈಗ ರಾತ್ರಿ ಎದ್ದು ತಿನ್ನೋದುಂಟಾ?" ಎಂದು ಕೇಳಿದೆವು.

"ಯಾಕ್ ಸಿಸ್ಟರ್ ತಿನ್ಲಿ?" ಎಂದರು. "ಹಗಲೇ ಎಲ್ಲಾರ ಜೊತೆ ಕೂತ್ಕೊಂಡು ಉಣ್ತೀನಲ್ಲ."

ಇವತ್ತು ನಿಮ್ಮ ಮನೆಯಲ್ಲಿ ಬಡಿಸುವಾಗ ಪಲ್ಯದ ಸೌಟು ಮೊದಲು ಹಾಕಿ, ಅನ್ನದ ಸೌಟು ಆಮೇಲೆ. ಅಷ್ಟರಿಂದ ಶುರು ಮಾಡಿ. ಮುಂದಿನ ಸಂಘದ ಸಭೆಯಲ್ಲಿ ಇದನ್ನು ಓದಿ ಹೇಳಿ, ಓದಲು ಬಾರದ ಹಿರಿಯರಿಗೂ ತಿಳಿಸಿ. ದೇವರು ನಿಮ್ಮನ್ನೂ ನಿಮ್ಮ ಮನೆಯ ಒಲೆಯನ್ನೂ ಆಶೀರ್ವದಿಸಲಿ.